ನಮ್ಮ ಕಪ್ಪು ದ್ರಾಕ್ಷಿ, ಇಟಲಿಯವರ ಸ್ಟ್ರಾಬೆರಿ ದ್ರಾಕ್ಷಿ

ಬೆಂಗಳೂರು ಬ್ಲೂ ದ್ರಾಕ್ಷಿಯಿಂದ ಮಾಡಿದ ವೈನನ್ನ ಇಟಲಿಯಲ್ಲಿ ಅಂಗಡಿಯಲ್ಲಿಟ್ಟು ಮಾರೋ ಹಾಗಿಲ್ಲ. ಕಾನೂನು ಒಪ್ಪಲ್ಲ. ಆದ್ರೆ ಅದೇ ಬಳ್ಳಿ ಅಲ್ಲಿನ ಹಳ್ಳಿ ಮನೆಗಳ ಹಿತ್ತಲಲ್ಲಿ ಇವತ್ತಿಗೂ ಚಪ್ಪರ ಹಬ್ಬಿಕೊಂಡಿದೆ. ಅವರು ಅದನ್ನ ಊವಾ ಫ್ರಾಗೊಲಾ ಅಂತಾರೆ, ಸ್ಟ್ರಾಬೆರಿ ದ್ರಾಕ್ಷಿ. ಮನೆಮಟ್ಟಿಗೆ ಅದರಿಂದ ಮಾಡೋ ವೈನಿಗೆ ಫ್ರಾಗೊಲಿನೊ ಅಂತ ಹೆಸರು. ಮನೆಯವರು ಕುಡೀಬಹುದು, ನೆಂಟರಿಗೆ ಕೊಡಬಹುದು, ಮಾರೋ ಹಾಗಿಲ್ಲ.

ಈ ಸಲದ ಬರಹ ಸ್ವಲ್ಪ ಉದ್ದ ಇದೆ. ಯಾಕೆ ಬರೀತಿದೀನಿ ಅಂದ್ರೆ, ನಮ್ಮ ಅಪ್ಪ ಹಾಕಿದ ಒಂದೂಕಾಲು ಎಕರೆ ಚಪ್ಪರ ತೆಗೆಯೋದಾ ಬಿಡೋದಾ ಅನ್ನೋ ಮಾತು ಮನೇಲಿ ಎರಡು ವರ್ಷದಿಂದ ನಡೀತಿದೆ. ನನ್ನ ತಮ್ಮನ ಮಗ ಇಟಲಿ ಕಡೆಯ ದ್ರಾಕ್ಷಿ ತೋಟಗಳ ವಿಡಿಯೊ ತೋರಿಸಿ, "ದೊಡ್ಡಪ್ಪ, ಒಳ್ಳೆ ತಳಿ ಹಾಕೋಣ, ಇದಕ್ಕೆ ಮರ್ಯಾದೆ ಇಲ್ಲ" ಅಂದ. ಮರ್ಯಾದೆ ಹೋಗಿದ್ದು ಯಾವಾಗ, ಕಳೆದಿದ್ದು ಯಾರು ಅಂತ ಹುಡುಕ್ತಾ ಹೋದೆ. ವೈನ್ ಕುಡೀರಿ ಅಂತ ಹೇಳೋಕೆ ಈ ಬರಹ ಅಲ್ಲ. ಬೆಳೆಯ ಕಥೆ ಇದು.

ಬೆಂಗಳೂರು ಬ್ಲೂ ಅಂತ ನಾವು ಕರೆಯೋ ಹಣ್ಣಿಗೆ ತಳಿ ಪಟ್ಟಿಗಳಲ್ಲಿರೋ ಹೆಸರು ಇಸಬೆಲ್ಲಾ. ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿನ ಕಾಡುದ್ರಾಕ್ಷಿಗೂ ಯೂರೋಪಿನಿಂದ ಬಂದ ದ್ರಾಕ್ಷಿಗೂ ತಾನಾಗೇ ಬೆರಕೆ ಆಗಿ ಬಂದ ಗಿಡ. ನ್ಯೂಯಾರ್ಕ್ ಪಕ್ಕದ ಲಾಂಗ್ ಐಲ್ಯಾಂಡಿನಲ್ಲಿ ನರ್ಸರಿ ಇಟ್ಟಿದ್ದ ವಿಲಿಯಂ ಪ್ರಿನ್ಸ್ 1816ರಲ್ಲಿ ಇದನ್ನ ಹೊರತಂದ. ಇಸಬೆಲ್ಲಾ ಗಿಬ್ಸ್ ಅನ್ನೋ ಹೆಣ್ಣುಮಗಳ ಹೆಸರು ಇಟ್ಟ. ಸಿಪ್ಪೆ ದಪ್ಪ, ಹಿಂಡಿದ್ರೆ ತಿರುಳು ಪುಸಕ್ಕನೆ ಜಾರಿ ಬಾಯಿಗೆ ಬರುತ್ತೆ, ಸಿಪ್ಪೆ ಕೈಯಲ್ಲಿ ಉಳಿಯುತ್ತೆ. ಬೆಂಗಳೂರಿನಲ್ಲಿ ಬೆಳೆದ ಯಾವ ಮಗುವಿಗೂ ಇದನ್ನ ವಿವರಿಸಬೇಕಾಗಿಲ್ಲ. ಪರಿಮಳ ಜಾಸ್ತಿ, ಹುಳಿಯೂ ಜಾಸ್ತಿ. ಆ ಪರಿಮಳಕ್ಕೆ ವೈನ್ ಪಂಡಿತರು ಇಟ್ಟಿರೋ ಹೆಸರು 'ನರಿ ವಾಸನೆ'. ನಮಗೆ ಅದೇ ದ್ರಾಕ್ಷಿ ವಾಸನೆ. ದ್ರಾಕ್ಷಿ ಜ್ಯೂಸು, ದ್ರಾಕ್ಷಿ ಐಸ್‌ಕ್ರೀಮು ಅಂದ್ರೆ ನಮ್ಮ ಮೂಗಿಗೆ ನೆನಪಾಗೋದು ಆ ನರಿಯೇ!

ಯೂರೋಪಿನವರು ಇದನ್ನ ಮೊದಲು ಪ್ರೀತಿಯಿಂದಲೇ ಕರೆಸಿಕೊಂಡ್ರು. 1850ರ ಸುಮಾರಿಗೆ ಅಲ್ಲಿನ ತೋಟಗಳಿಗೆ ಬೂದಿರೋಗ ಬಿತ್ತು. ಇಸಬೆಲ್ಲಾ ಅದನ್ನ ತಡ್ಕೊಳ್ತಿತ್ತು. ಹಾಗಾಗಿ ಅಮೆರಿಕದ ಬಳ್ಳಿಗಳನ್ನ ಹಡಗಿನಲ್ಲಿ ತರಿಸಿದ್ರು. ಆ ಬಳ್ಳಿಗಳ ಬೇರಿನ ಜೊತೆ ಫಿಲಾಕ್ಸೆರಾ ಅನ್ನೋ ಹೇನಿನಂಥ ಪುಟ್ಟ ಹುಳು ಬಂತು. ಅಮೆರಿಕದ ಬೇರಿಗೆ ಅದು ಅಭ್ಯಾಸ, ಯೂರೋಪಿನ ಬೇರಿಗೆ ಅದು ಸಾವು. 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಶುರುವಾಗಿ 1879ರ ಹೊತ್ತಿಗೆ ಇಟಲಿಗೂ ತಲುಪಿತು. ತೋಟಗಳು ಸಾಲುಸಾಲಾಗಿ ಒಣಗಿದವು. ಕೊನೆಗೆ ಸಿಕ್ಕ ಔಷಧಿ ಕಸಿ. ಬೇರು ಅಮೆರಿಕದ್ದು, ಮೇಲಿನ ಕಡ್ಡಿ ತಮ್ಮದು. ನಾವೀಗ ಡಾಗ್‌ರಿಡ್ಜ್ ಬೇರಿನ ಮೇಲೆ ಕಸಿ ಕಟ್ಟಿಸ್ತೀವಲ್ಲ, ಆ ಡಾಗ್‌ರಿಡ್ಜ್ ಕೂಡ ಅಮೆರಿಕದ ಕಾಡುಬಳ್ಳಿಯೇ. ಅವರು ಹುಳುವಿಗೆ ಹೆದರಿ ಮಾಡಿದ್ದನ್ನ ನಾವು ಉಪ್ಪುನೀರಿಗೂ ಬರಕ್ಕೂ ಹೆದರಿ ಮಾಡ್ತಿದೀವಿ.

ಅದರ ಹಿಂದೆಯೇ 1878ರಲ್ಲಿ ಇನ್ನೊಂದು ಬಂತು, ಡೌನಿ ಮಿಲ್ಡ್ಯೂ. ಎಲೆ ಕೆಳಗೆ ಬಿಳಿ ಬೂಷ್ಟು ಕಟ್ಟೋದು. ನಮ್ಮಲ್ಲಿ ಮೋಡ ಮುಚ್ಚಿ ಮೂರು ದಿನ ಜಿಟಿಜಿಟಿ ಹಿಡಿದ್ರೆ ದ್ರಾಕ್ಷಿ ಬೆಳೆಯೋರು ರಾತ್ರಿ ನಿದ್ದೆ ಮಾಡದೇ ಇರೋದು ಇದರಿಂದಲೇ. ಇದಕ್ಕೆ ಮದ್ದು ಸಿಕ್ಕ ಕಥೆ ನನಗೆ ಬಹಳ ಇಷ್ಟ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿ ಪಕ್ಕದ ತೋಟದವರು ಕಳ್ಳರ ಕಾಟಕ್ಕೆ ಬೇಸತ್ತು, ಹಣ್ಣು ವಿಷದ ಥರ ಕಾಣ್ಲಿ ಅಂತ ಮೈಲುತುತ್ತ ಸುಣ್ಣ ಕಲೆಸಿ ಎರಚ್ತಿದ್ರು. ಮಿಲಾರ್ಡೆ ಅನ್ನೋ ಸಸ್ಯಶಾಸ್ತ್ರಜ್ಞ ಆ ದಾರೀಲಿ ಹೋಗ್ತಾ, ನೀಲಿ ಎರಚಿದ ಸಾಲಿನಲ್ಲಿ ಮಾತ್ರ ರೋಗ ಇಲ್ಲ ಅಂತ ಗಮನಿಸಿದ. 1885ರಲ್ಲಿ ಪ್ರಕಟಿಸಿದ. ಅದೇ ನಮ್ಮ ಬೋರ್ಡೋ ದ್ರಾವಣ.

ಇಲ್ಲಿಂದ ಕಥೆ ಹೆಬ್ಬಾಳಕ್ಕೆ ಬರುತ್ತೆ. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಮೈಸೂರಿನ ಆಡಳಿತ ನೋಡ್ಕೊಳ್ತಿದ್ದ ಕಾಲದಲ್ಲಿ ಹೆಬ್ಬಾಳದಲ್ಲಿ 30 ಎಕರೆ ಜಾಗ ಕೊಟ್ಟು ಪ್ರಯೋಗದ ತೋಟ ಮಾಡಿಸಿದ್ರು. ಮೊದಲು ಲೆಹಮನ್ ಅನ್ನೋ ರಸಾಯನ ಶಾಸ್ತ್ರದವರು ಇದ್ರು. 1908ರಲ್ಲಿ ಕೆನಡಾದಿಂದ ಲೆಸ್ಲಿ ಕೋಲ್ಮನ್ ಬಂದ್ರು. ಮಲೆನಾಡಿನ ಅಡಿಕೆಗೆ ಕೊಳೆರೋಗ ಬಿದ್ದು ರೈತರು ಕೈಚೆಲ್ಲಿ ಕೂತಿದ್ದಾಗ, ಫ್ರಾನ್ಸಿನ ದ್ರಾಕ್ಷಿ ತೋಟದ ಆ ನೀಲಿ ನೀರನ್ನ ಅಡಿಕೆ ಗೊನೆಗೆ ಹೊಡೆಸಿದವರು ಇವರೇ. ದ್ರಾಕ್ಷಿಯ ಮದ್ದು ಅಡಿಕೆಗೆ ಹೋಗಿ, ಈಗ ಮಲೆನಾಡಿನಲ್ಲಿ ಬೋರ್ಡೋ ಅಂದ್ರೆ ಅಡಿಕೆ ಮದ್ದು ಅಂತಲೇ ಆಗಿದೆ. ಹೆಬ್ಬಾಳದ ಆ ತೋಟವೇ ಮುಂದೆ ಕೃಷಿ ಶಾಲೆ, ಕೃಷಿ ಕಾಲೇಜು ಆಗಿ, 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಆಯ್ತು. ಫ್ಲೈಓವರ್ ಕೆಳಗೆ ಟ್ರಾಫಿಕ್‌ನಲ್ಲಿ ನಿಂತಾಗ ಪಕ್ಕದಲ್ಲಿ ಏನಿತ್ತು ಅಂತ ಯಾರಿಗೆ ನೆನಪಾಗ್ಬೇಕು ಹೇಳಿ.

ಇತ್ತ ಯೂರೋಪಿನಲ್ಲಿ ಇಸಬೆಲ್ಲಾಗೆ ಕೆಟ್ಟ ಕಾಲ ಬಂತು. ಕಸಿ ಕಟ್ಟೋದು ಕಲಿತ ಮೇಲೆ ಹಳೇ ತಳಿಗಳು ವಾಪಸ್ ಬಂದವು, ವೈನ್ ಬೇಡಿಕೆಗಿಂತ ಜಾಸ್ತಿ ಆಗಿ ಬೆಲೆ ಬಿದ್ದುಹೋಯ್ತು. 1934ರ ಕೊನೆಯಲ್ಲಿ ಫ್ರಾನ್ಸ್ ಆರು ಅಮೆರಿಕನ್ ತಳಿಗಳನ್ನ ನಿಷೇಧಿಸಿತು. ಅದರಲ್ಲಿ ಇಸಬೆಲ್ಲಾ ಒಂದು. ಇಟಲಿಯಲ್ಲೂ ಆ ದಶಕದಲ್ಲೇ ಕಾನೂನು ಬಂತು. ಇದರ ವೈನಿನಲ್ಲಿ ಮೆಥನಾಲ್ ಇರುತ್ತೆ, ತಲೆ ಕೆಡುತ್ತೆ ಅನ್ನೋ ಪ್ರಚಾರ ನಡೀತು. ನನ್ನ ಲೆಕ್ಕದಲ್ಲಿ ಅದು ನೆಪ. ಔಷಧಿ ಹೊಡೆಯದೇ, ಗೊಬ್ಬರ ಹಾಕದೇ ಬಡವರ ಹಿತ್ತಲಲ್ಲಿ ಗೊಂಚಲು ಗೊಂಚಲು ಬಿಡೋ ಬಳ್ಳಿ ದೊಡ್ಡ ತೋಟದವರ ಮಾರುಕಟ್ಟೆಗೆ ಅಡ್ಡ ಬಂದಿತ್ತು. ಆ ಆರು ತಳಿಗಳು ಇವತ್ತಿಗೂ ಯೂರೋಪ್ ಒಕ್ಕೂಟದ ಬೇಡದ ಪಟ್ಟಿಯಲ್ಲೇ ಇವೆ.

ಅಲ್ಲಿ ಹಿತ್ತಲಿಗೆ ಸರಿದ ಬಳ್ಳಿ ಇಲ್ಲಿ ರಾಜನಾಯ್ತು. ಸುಮಾರು ನೂರೈವತ್ತು ವರ್ಷದ ಹಿಂದೆ ಬೆಂಗಳೂರಿಗೆ ಬಂದಿದ್ದು ಅಂತ ಹೇಳ್ತಾರೆ, ಪಾದ್ರಿಗಳು ತಂದ್ರು ಅಂತಲೂ ದಂಡಿನವರು ತಂದ್ರು ಅಂತಲೂ ಎರಡು ಮಾತಿದೆ. ಇಲ್ಲಿ ಹಿಡಿದ ಕಾರಣ ಮಾತ್ರ ಸ್ಪಷ್ಟ. ಇಟಲಿ ಇರೋದು ಭೂಮಧ್ಯರೇಖೆಯಿಂದ ಬಹಳ ಉತ್ತರಕ್ಕೆ. ಅಲ್ಲಿ ಚಳಿಗೆ ಬಳ್ಳಿ ಎಲೆ ಉದುರಿಸಿ ಮಲಗುತ್ತೆ, ವರ್ಷಕ್ಕೆ ಒಂದೇ ಬೆಳೆ. ನಾವಿರೋದು 13 ಡಿಗ್ರಿಯಲ್ಲಿ, ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಮೇಲೆ. ಬಳ್ಳಿಗೆ ನಿದ್ದೆಯೇ ಇಲ್ಲ. ಕತ್ತರಿ ಹಾಕಿದಾಗ ಎದ್ದು ಚಿಗುರುತ್ತೆ. ಅದಕ್ಕೇ ನಮ್ಮಲ್ಲಿ ವರ್ಷಕ್ಕೆ ಎರಡು ಬೆಳೆ. ಆಷಾಢದ ಗಾಳಿ, ಮಧ್ಯೆ ಮಧ್ಯೆ ಬೀಳೋ ಮಳೆ, ಇವಕ್ಕೆ ಯೂರೋಪಿನ ನಾಜೂಕು ತಳಿ ತಡೆಯಲ್ಲ, ಇದು ತಡೆಯುತ್ತೆ. ಇನ್ನೊಂದು ಅನುಕೂಲ ಕಲ್ಲು. ದೇವನಹಳ್ಳಿ, ಚಿಕ್ಕಬಳ್ಳಾಪುರದ ಬಂಡೆಯಿಂದ ಸೀಳಿದ ಕಲ್ಲುಕಂಬ ನೆಟ್ಟು, ತಂತಿ ಎಳೆದು ಚಪ್ಪರ ಮಾಡಿದ್ರೆ ಎರಡು ತಲೆಮಾರು ಮುಟ್ಟೋ ಹಾಗಿಲ್ಲ. ನಮ್ಮ ತೋಟದ ಕಂಬಗಳು ಅಪ್ಪ ಎತ್ತಿನಗಾಡಿಯಲ್ಲಿ ಹೇರಿಸಿಕೊಂಡು ಬಂದಿದ್ದು, ಇವತ್ತಿಗೂ ಒಂದು ಅಲುಗಿಲ್ಲ.

ದಂಡು ಪ್ರದೇಶದ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್ ವೈನಿಗೆ ಇದೇ ಹಣ್ಣು. ತೊಳೆದು ಆರಿಸಿದ ಹಣ್ಣು, ಸಕ್ಕರೆ, ಒಂದು ಹಿಡಿ ಗೋಧಿ, ಸ್ವಲ್ಪ ಈಸ್ಟು, ಭರಣಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿ ದಿನಾ ಮರದ ಸೌಟಲ್ಲಿ ತಿರುವೋದು. ಸಕ್ಕರೆ ಯಾಕೆ ಬೇಕು ಅಂದ್ರೆ, ವೈನ್ ತಳಿಗಳು 22 ಬ್ರಿಕ್ಸ್ ಮೇಲೆ ಸಿಹಿ ಏರಿದಾಗ ಕೊಯ್ತಾರೆ, ನಮ್ಮ ಹಣ್ಣು 16, 18ರ ಆಸುಪಾಸಿನಲ್ಲೇ ನಿಂತುಬಿಡುತ್ತೆ. ಹೊರಗಿನಿಂದ ಸಕ್ಕರೆ ಹಾಕದೇ ಆಗಲ್ಲ. ಹಾಗಾಗಿ ಇದರಲ್ಲಿ ಆಗೋದು ಸಿಹಿ ವೈನ್. ಗೋವಾದಲ್ಲಿ 'ಪೋರ್ಟ್ ವೈನ್' ಅಂತ ಪ್ರವಾಸಿಗರು ಕೊಂಡುತರ್ತಾರಲ್ಲ, ಅದಕ್ಕೆ ಹೋಗೋದೂ ಬಹುಪಾಲು ಬೆಂಗಳೂರು ಬ್ಲೂ. ಪೋರ್ಟ್ ಅನ್ನೋ ಹೆಸರು ನಿಜವಾಗಿ ಪೋರ್ಚುಗಲ್ಲಿನ ಡೌರೊ ನದಿ ಕಣಿವೆಯ ಆಸ್ತಿ. ಆ ಕಣಿವೆಗೆ 1756ರಲ್ಲೇ ಗಡಿ ಗುರುತಿಸಿ, ಇದರೊಳಗೆ ಬೆಳೆದದ್ದು ಮಾತ್ರ ಪೋರ್ಟ್ ಅಂತ ಅವರ ಸರ್ಕಾರ ಗೊತ್ತು ಮಾಡಿತ್ತು. ಹೆಸರು ಪೋರ್ಚುಗಲ್ಲಿನದು, ಬಾಟಲಿ ಗೋವಾದ್ದು, ಹಣ್ಣು ನಮ್ಮದು. ಹಣ್ಣಿನ ಊರಿನ ಹೆಸರು ಆ ಬಾಟಲಿ ಮೇಲೆ ಹುಡುಕಿದ್ರೂ ಸಿಗೋದು ಕಷ್ಟ.

ಹಣ್ಣಿಗೆ ಬೆಲೆ ಸಿಗಲಿ ಅಂತ ನಮ್ಮ ಹಿರಿಯರು ಸುಮ್ಮನೆ ಕೂತಿರಲಿಲ್ಲ. ನೀವು ರಸ್ತೆ ಬದಿ ನೋಡೋ ಹಾಪ್‌ಕಾಮ್ಸ್ ಮಳಿಗೆ ಹುಟ್ಟಿದ್ದೇ ದ್ರಾಕ್ಷಿಯಿಂದ. ತೋಟಗಾರಿಕೆ ನಿರ್ದೇಶಕರಾಗಿದ್ದ ಡಾ. ಎಂ.ಎಚ್. ಮರೀಗೌಡರ ಮುತುವರ್ಜಿಯಲ್ಲಿ 1959ರಲ್ಲಿ ಬೆಂಗಳೂರು ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಅಂತ ಶುರುವಾಗಿದ್ದು. ದಲ್ಲಾಳಿ ಇಲ್ಲದೇ ರೈತ ನೇರ ಮಾರಲಿ ಅನ್ನೋದು ಅವರ ಯೋಚನೆ. ಆಮೇಲೆ ಬೇರೆ ಹಣ್ಣು ತರಕಾರಿ ಸೇರಿ ಹೆಸರು ಬದಲಾಯ್ತು. ನಮ್ಮಪ್ಪನ ಬಾಯಲ್ಲಿ ಮಾತ್ರ ಕೊನೇವರೆಗೂ 'ಗ್ರೇಪ್ ಸೊಸೈಟಿ'ಯೇ.

ಇನ್ನು ನದಿ ವಿಷಯ. ಇಟಲಿಯ ಒಳ್ಳೆ ವೈನ್ ಸೀಮೆಗಳು ಬಹಳಷ್ಟು ನದಿ ಕಣಿವೆಗಳು. ನಮ್ಮದೂ ಕಣಿವೆಯೇ ಕಣ್ರೀ, ನೀರು ಕಾಣಲ್ಲ ಅಷ್ಟೆ. ಅರ್ಕಾವತಿ ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರ ದಾಟಿ ಹೆಸರಘಟ್ಟಕ್ಕೆ ಬಂದು, ತಿಪ್ಪಗೊಂಡನಹಳ್ಳಿ, ರಾಮನಗರ, ಕನಕಪುರ ಹಾದು ಸಂಗಮದಲ್ಲಿ ಕಾವೇರಿ ಸೇರುತ್ತೆ. 1890ರ ದಶಕದಲ್ಲಿ ಬೆಂಗಳೂರಿಗೆ ನಲ್ಲಿ ನೀರು ಬಂದಿದ್ದು ಇದರ ಹೆಸರಘಟ್ಟ ಕೆರೆಯಿಂದ. ಆ ಕೆರೆ ಪಕ್ಕದಲ್ಲೇ 1967ರಲ್ಲಿ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಶುರುವಾಯ್ತು. ಅವರು ಬಿಡುಗಡೆ ಮಾಡೋ ತಳಿಗಳ ಹೆಸರಿನ ಮುಂದೆ ಇರೋ 'ಅರ್ಕಾ' ಇದೇ ನದಿಯದ್ದು. ಟೊಮೆಟೊ ಬೆಳೆಯೋರಿಗೆ ಅರ್ಕಾ ರಕ್ಷಕ್ ಗೊತ್ತು. ಆದ್ರೆ ದ್ರಾಕ್ಷಿಯಲ್ಲಿ ಅವರು ಮಾಡಿದ ಕೆಲಸ ಎಷ್ಟು ಜನಕ್ಕೆ ಗೊತ್ತು? ಬೆಂಗಳೂರು ಬ್ಲೂಗೆ ಬ್ಲ್ಯಾಕ್ ಚಂಪಾ ಸೇರಿಸಿ ಅರ್ಕಾ ಶ್ಯಾಮ್, ಅನಾಬ್-ಎ-ಶಾಹಿ ಸೇರಿಸಿ ಅರ್ಕಾ ಹಂಸ್, ಕಾನ್ವೆಂಟ್ ಲಾರ್ಜ್ ಬ್ಲ್ಯಾಕ್ ಸೇರಿಸಿ ಅರ್ಕಾ ತೃಷ್ಣಾ. ನಮ್ಮ ಬಳ್ಳಿಯ ಗಟ್ಟಿತನ ಇಟ್ಕೊಂಡು, ಹುಳಿ ಇಳಿಸಿ ಸಿಹಿ ಏರಿಸೋ ಪ್ರಯತ್ನ ಇವೆಲ್ಲ. ಒಂದು ತಳಿಗಂತೂ ಅರ್ಕಾವತಿ ಅಂತಲೇ ಹೆಸರು. ಮೇಲ್ಭಾಗದಲ್ಲಿ ನದಿ ಒಣಗಿ ಮರಳು ಗುಂಡಿ ಆಗಿದ್ರೂ ಹೆಸರು ದ್ರಾಕ್ಷಿಯಲ್ಲಿ ಉಳ್ಕೊಂಡಿದೆ. ಬೇಜಾರು ಅಂದ್ರೆ, ಈ ತಳಿಗಳು ಪ್ರಯೋಗದ ತೋಟದಿಂದ ರೈತರ ಚಪ್ಪರಕ್ಕೆ ಬಂದಿದ್ದು ಕಮ್ಮಿ. ಕೊಳ್ಳೋರು ಕೇಳಲಿಲ್ಲ, ನಾವು ಹಾಕಲಿಲ್ಲ. ನಾವು ಹಾಕಲಿಲ್ಲ ಅಂತ ಕೊಳ್ಳೋರಿಗೆ ಗೊತ್ತಾಗಲೂ ಇಲ್ಲ.

ಅದೇ ನಂದಿಯ ಬುಡದಲ್ಲಿ ಇನ್ನೊಂದು ದಾರಿ ತೆಗೆದವರು ಕನ್ವಲ್ ಗ್ರೋವರ್. ವ್ಯಾಪಾರಕ್ಕೆ ಫ್ರಾನ್ಸಿಗೆ ಹೋಗಿ ಬರ್ತಿದ್ದವರು, ವೈನ್ ಹುಚ್ಚು ಹಿಡಿಸಿಕೊಂಡ್ರು. ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರನ್ನ ಕರೆತಂದು, ಮೂವತ್ತಕ್ಕೂ ಹೆಚ್ಚು ಫ್ರೆಂಚ್ ತಳಿ ಹಾಕಿ ನೋಡಿ, ಒಂಬತ್ತನ್ನ ಉಳಿಸಿಕೊಂಡು, 1988ರಲ್ಲಿ ದೊಡ್ಡಬಳ್ಳಾಪುರದ ಹತ್ತಿರ ತೋಟ ಕಟ್ಟಿದ್ರು. 1992ರಲ್ಲಿ ಮೊದಲ ವೈನ್ ಹೊರಬಂತು. ಬಳ್ಳಿಗೆ ಇಲ್ಲಿ ನಿದ್ದೆ ಇಲ್ಲ ಅಂದೆನಲ್ಲ, ಆ ತೊಂದರೆಯನ್ನ ಕತ್ತರಿಯಿಂದಲೇ ಗೆದ್ರು. ಎರಡು ಸಲ ಕತ್ತರಿಸಿ ಒಂದೇ ಬೆಳೆ ತೆಗೆಯೋದು. ಮಳೆಗಾಲದಲ್ಲಿ ಬರೀ ಕಡ್ಡಿ ಬೆಳೆಸಿ, ಮಳೆ ಮುಗಿದ ಮೇಲೆ ಹೂ ಬರಿಸಿ, ಬೇಸಿಗೆ ಹೊಸ್ತಿಲಲ್ಲಿ ಕೊಯ್ಲು. ಯೂರೋಪಿನಲ್ಲಿ ಕೊಯ್ಲು ಸೆಪ್ಟೆಂಬರ್ ಆದ್ರೆ ನಂದಿ ಬುಡದಲ್ಲಿ ಶಿವರಾತ್ರಿ ಆಸುಪಾಸು. 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿ ತಂದು, ವೈನ್ ಬೋರ್ಡ್ ಮಾಡಿ, ನಂದಿ ಕಣಿವೆ, ಕೃಷ್ಣಾ ಕಣಿವೆ ಅಂತ ಸೀಮೆಗಳನ್ನ ಗುರುತಿಸಿತು. ಕೃಷ್ಣಾ ಕಣಿವೆ ಅಂದ್ರೆ ವಿಜಯಪುರ, ಬಾಗಲಕೋಟೆ ಕಡೆ. ಅವರದ್ದು ಥಾಮ್ಸನ್, ಒಣದ್ರಾಕ್ಷಿ, ಬೇರೆಯೇ ಲೋಕ. ಅದರ ಬಗ್ಗೆ ಅಲ್ಲಿನವರೇ ಬರೆದ್ರೆ ಚೆಂದ.

ತಮ್ಮನ ಮಗ ತೋರಿಸಿದ ವಿಡಿಯೊ ವಾಲ್ತೆಲ್ಲಿನಾ ಅನ್ನೋ ಕಣಿವೆಯದ್ದು. ಇಟಲಿಯ ಉತ್ತರ ತುದಿ, ಆಲ್ಪ್ಸ್ ಬೆಟ್ಟದ ಮಡಿಲು, ಅದ್ದಾ ಅನ್ನೋ ನದಿ. ನದಿ ಪೂರ್ವದಿಂದ ಪಶ್ಚಿಮಕ್ಕೆ ಹರಿಯೋದರಿಂದ ಉತ್ತರದ ದಂಡೆಯ ಬೆಟ್ಟ ಪೂರ್ತಿ ದಕ್ಷಿಣಕ್ಕೆ ಮುಖ ಮಾಡಿದೆ, ದಿನವಿಡೀ ಬಿಸಿಲು. ಆ ಕಡಿದಾದ ಇಳಿಜಾರಿನಲ್ಲಿ ಗಾರೆ ಹಾಕದೇ ಬರೀ ಕಲ್ಲು ಜೋಡಿಸಿ ಗೋಡೆ ಕಟ್ಟಿ, ಬುಟ್ಟಿಯಲ್ಲಿ ಬೆನ್ನ ಮೇಲೆ ಮಣ್ಣು ಹೊತ್ತು ತುಂಬಿಸಿ ಪಾತಿ ಮಾಡಿದಾರೆ. ಆ ಗೋಡೆಗಳ ಒಟ್ಟು ಉದ್ದ 2,500 ಕಿಲೋಮೀಟರ್ ಅಂತ ಲೆಕ್ಕ. ಒಂದು ಭಾಗದ ಹೆಸರೇ ಇನ್ಫೆರ್ನೊ, ಅಂದ್ರೆ ನರಕ. ಅಲ್ಲಿ ಕೆಲಸ ಮಾಡೋರು ಇಟ್ಟ ಹೆಸರೇ ಇರಬೇಕು. ನೆಬ್ಬಿಯೋಲೊ ಅನ್ನೋ ಪ್ರಸಿದ್ಧ ತಳಿಯನ್ನ ಅವರು ತಮ್ಮ ಮಾತಿನಲ್ಲಿ ಕಿಯಾವೆನ್ನಾಸ್ಕಾ ಅಂತಾರೆ. 1512ರಿಂದ 1797ರವರೆಗೆ ಈ ಕಣಿವೆ ಇವತ್ತಿನ ಸ್ವಿಟ್ಜರ್ಲೆಂಡ್ ಕಡೆಯವರ ಕೈಯಲ್ಲಿತ್ತು, ವೈನು ಬೆಟ್ಟ ದಾಟಿ ಅಲ್ಲಿಗೇ ಹೋಗ್ತಿತ್ತು. ಅವರ ಹೆಸರುವಾಸಿ ವೈನ್ ಸ್ಫೋರ್ಸಾತೊ. ಕೊಯ್ದ ಗೊಂಚಲನ್ನ ಗಾಳಿಯಾಡೋ ಅಟ್ಟದಲ್ಲಿ ಹರವಿ ಬಾಡಿಸಿ, ತೂಕ ಮೂರನೇ ಒಂದು ಭಾಗದಷ್ಟು ಇಳಿದ ಮೇಲೆ ಹಿಂಡ್ತಾರೆ. ಸಕ್ಕರೆ ಕಮ್ಮಿ ಅನ್ನೋ ತೊಂದರೆಗೆ ಅವರು ಕಂಡ್ಕೊಂಡ ದಾರಿ ಅದು. ಹೊರಗಿಂದ ಸಕ್ಕರೆ ಹಾಕೋ ಬದಲು ಹಣ್ಣಿನ ನೀರು ತೆಗೆಯೋದು.

ಇದನ್ನ ನೋಡಿ ಹುಡುಗ ತಳಿ ಬದಲಿಸೋಣ ಅಂದ. ನನಗೆ ಕಂಡಿದ್ದು ಬೇರೆ. ಅಲ್ಲೂ ತೋಟ ಬಹಳ ಕಮ್ಮಿ ಆಗಿದೆ, ಈಗ ಸಾವಿರ ಹೆಕ್ಟೇರಿಗೂ ಕೆಳಗೆ. ಆ ಗೋಡೆ ಹತ್ತಿ ಕೆಲಸ ಮಾಡೋಕೆ ಅಲ್ಲೂ ಹುಡುಗರು ಸಿಗಲ್ಲ. ಆದ್ರೂ ಉಳಿದವರು ಉಳಿದಿರೋದು ಹೆಸರಿನಿಂದ. ಆ ಕಣಿವೆಯ ಹಣ್ಣು, ಆ ಕಣಿವೆಯಲ್ಲೇ ಬಾಡಿಸಿ ಮಾಡಿದ ವೈನು, ಅದಕ್ಕೆ ಮಾತ್ರ ಆ ಹೆಸರು. ಬೇರೆ ಯಾರೂ ಬರೆದುಕೊಳ್ಳೋ ಹಾಗಿಲ್ಲ. 2003ರಲ್ಲಿ ಸ್ಫೋರ್ಸಾತೊಗೆ ಇಟಲಿಯ ಅತಿ ಮೇಲಿನ ದರ್ಜೆಯ ಮುದ್ರೆಯೂ ಸಿಕ್ತು. ನಮ್ಮ ಬೆಂಗಳೂರು ಬ್ಲೂಗೂ ಭೌಗೋಳಿಕ ಗುರುತಿನ ಮುದ್ರೆ ಇದೆ, ಹೌದು. ಆದ್ರೆ ಅದು ಹಣ್ಣಿಗೆ ಇದೆ. ಹಣ್ಣು ಜ್ಯೂಸಾಗಿ, ಪೋರ್ಟಾಗಿ ಹೊರಟ ಕೂಡ್ಲೇ ಹೆಸರು ಕಳಚಿಬೀಳುತ್ತೆ. ತೋಟದ ಬಾಗಿಲಿಗೆ ಬಂದ ಲಾರಿಯವನು ಹೇಳಿದ್ದೇ ರೇಟು.

ಆ ರೇಟು ಏನು ಅಂತ 2020ರಲ್ಲಿ ನೋಡಿದ್ವಿ. ಲಾಕ್‌ಡೌನ್ ಬಿದ್ದಿದ್ದು ಸರಿಯಾಗಿ ಹಣ್ಣು ಕಪ್ಪಾದ ವಾರ. ವೈನ್ ಮಾಡೋರು ಬಾಗಿಲು ಹಾಕಿದ್ರು, ಮಂಡಿ ಬಂದ್, ಚಿಕ್ಕಬಳ್ಳಾಪುರ ಕಡೆ ಗೊಂಚಲುಗಳು ಬಳ್ಳಿಯಲ್ಲೇ ಕೊಳೆತವು. ನಮ್ಮ ಹಣ್ಣು ಅರ್ಧ ಬೀದಿಬೀದಿ ಹಂಚಿದ್ವಿ, ಉಳಿದರ್ಧ ಗೊಬ್ಬರದ ಗುಂಡಿಗೆ ಹೋಯ್ತು. ಆಮೇಲಿನ ಒಂದು ವರ್ಷ ಕೊಂಡುಹೋದವನೊಬ್ಬ ದುಡ್ಡು ಕೊಡೋಕೆ ಹನ್ನೊಂದು ತಿಂಗಳು ತಗೊಂಡ. ಅಕ್ಕಪಕ್ಕದಲ್ಲಿ ನಾಲ್ಕು ಚಪ್ಪರ ಆ ಎರಡು ವರ್ಷದಲ್ಲೇ ಹೋದವು. ಎರಡು ಕಡೆ ಗುಲಾಬಿಯ ಪಾಲಿಹೌಸ್ ಬಂತು, ಎರಡು ಕಡೆ ಲೇಔಟಿನ ಕಲ್ಲು.

ನೀರಿನ ಕಥೆ ಬಿಟ್ಟರೆ ಇದು ಪೂರ್ತಿ ಆಗಲ್ಲ. ನಮ್ಮ ಮನೆ ಹೆಬ್ಬಾಳದಲ್ಲಿ, ತೋಟ ಬೆಟ್ಟದ ಕಡೆ. ಹೆಬ್ಬಾಳ, ನಾಗವಾರದ ಕೊಳಚೆ ನೀರನ್ನ ಶುದ್ಧ ಮಾಡಿ, ಪಂಪ್ ಹೊಡೆದು ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರದ 65 ಕೆರೆ ತುಂಬಿಸೋ ಯೋಜನೆ, ಎಚ್.ಎನ್. ವ್ಯಾಲಿ ಅಂತಾರಲ್ಲ, ಅದರಲ್ಲಿ ದಿನಕ್ಕೆ 210 ದಶಲಕ್ಷ ಲೀಟರ್ ಲೆಕ್ಕ. ಹೆಬ್ಬಾಳ ಕಣಿವೆಯ ನೀರು ಸಹಜವಾಗಿ ಹರಿಯೋದು ದಕ್ಷಿಣ ಪಿನಾಕಿನಿಗೆ. ಆ ಪಿನಾಕಿನಿಯೂ ಹುಟ್ಟೋದು ನಂದಿಯ ಸೀಮೆಯಲ್ಲೇ. ನಮ್ಮ ಮನೆ ಬಚ್ಚಲಿನ ನೀರು ವಾಪಸ್ ಬೆಟ್ಟ ಹತ್ತಿ ದ್ರಾಕ್ಷಿ ಸೀಮೆಗೆ ಹೋಗ್ತಿದೆ! ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದಿದೆ ಅಂತ ಖುಷಿ ಪಟ್ಟವರಿದ್ದಾರೆ. ಇನ್ನೂ ಒಂದು ಹಂತ ಶುದ್ಧ ಮಾಡಿ ಬಿಡಿ ಅಂತ ಹೋರಾಡೋರೂ ಇದ್ದಾರೆ, ನಾನು ಅವರ ಕಡೆ. ಚಪ್ಪರದ ಬೇರು ಮೂವತ್ತು ನಲವತ್ತು ವರ್ಷ ಒಂದೇ ಜಾಗದಲ್ಲಿ ಕುಡಿಯೋದು. ಸೊಪ್ಪಿನ ಮಡಿ ಥರ ಮುಂದಿನ ತಿಂಗಳು ಬದಲಿಸೋಕಾಗಲ್ಲ. ನಮ್ಮ ಬೋರಿನ ನೀರನ್ನ ವರ್ಷಕ್ಕೊಂದು ಸಲ ಪರೀಕ್ಷೆಗೆ ಕೊಡ್ತಿದೀನಿ. ಉಪ್ಪಿನಂಶ ನಿಧಾನಕ್ಕೆ ಏರ್ತಿದೆ.

ಮನೇಲಿ ಆದ ತೀರ್ಮಾನ ಇದು. ಮುಕ್ಕಾಲು ಎಕರೆ ಹಾಗೇ ಇರುತ್ತೆ. ಉಳಿದ ಅರ್ಧ ಎಕರೆಯಲ್ಲಿ ಹಳೇ ಬಳ್ಳಿ ತೆಗೆದು, ಉಪ್ಪು ತಡೆಯೋ ಡಾಗ್‌ರಿಡ್ಜ್ ಬೇರು ನೆಟ್ಟು, ಒಂದು ಸಾಲು ಬೆಂಗಳೂರು ಬ್ಲೂ, ಕಡ್ಡಿ ಸಿಕ್ಕಿದ್ರೆ ಪಕ್ಕದ ಸಾಲಿಗೆ ಅರ್ಕಾ ಶ್ಯಾಮ್ ಕಸಿ ಕಟ್ಟೋದು. ಖರ್ಚು ಹುಡುಗನದು, ಕೆಲಸ ಇಬ್ಬರದು. ಕಲ್ಲುಕಂಬ ಕೊಳ್ಳೋಕೆ ಇಬ್ಬರು ಬಂದು ಕೇಳಿದ್ರು, ಇಲ್ಲ ಅಂದಿದೀವಿ. ಅರ್ಕಾ ಶ್ಯಾಮ್ ಅಥವಾ ಅರ್ಕಾ ತೃಷ್ಣಾ ಚಪ್ಪರದಲ್ಲಿ ಇಟ್ಕೊಂಡಿರೋರು ದೊಡ್ಡಬಳ್ಳಾಪುರ, ದೇವನಹಳ್ಳಿ ಆಸುಪಾಸಿನಲ್ಲಿ ಯಾರಾದ್ರೂ ಇದ್ರೆ ತಿಳಿಸಿ, ಕತ್ತರಿ ಹಾಕೋ ದಿನ ಬಂದು ಕಡ್ಡಿ ತಗೊಂಡು ಹೋಗ್ತೀನಿ.